ತಪ್ಪಣ್ಣನ ಬಿ ಗ್ರೇಡ್

ನಮ್ಮ ಪಕ್ಕದ ಮನೆಯವನಿಗೆ ಬೀದಿಯವರು ಇಟ್ಟ ಹೆಸರು ತಪ್ಪಣ್ಣ. ಉಡುಪಿನ ಕಾರ್ಖಾನೆಯಲ್ಲಿ ಅಂಗಿಗಳ ತಪ್ಪು ಹುಡುಕುವುದೇ ಅವನ ಕೆಲಸ. ಮಕ್ಕಳಿಲ್ಲವೆಂದು ಗಂಡ ಹೆಂಡತಿ ಐವಿಎಫ್ ಚಿಕಿತ್ಸೆಗೆ ಹೋಗಿದ್ದರು. ಲ್ಯಾಬಿನಲ್ಲಿ ಬೆಳೆಸಿದವುಗಳಲ್ಲಿ ಉಳಿದದ್ದು ಒಂದೇ ಭ್ರೂಣ. ನಾಳೆ ಅದನ್ನು ಗರ್ಭಕೋಶಕ್ಕೆ ಸೇರಿಸಬೇಕು ಅನ್ನುವಾಗ ಸಂಜೆ ಆಸ್ಪತ್ರೆಯಿಂದ ಫೋನ್ ಬಂತು, ಭ್ರೂಣ ಬಿ ಗ್ರೇಡ್ ಅಂತೆ.

"ಬೇಡ ಅಂದ್ಬಿಡೋಣ ಕಣೇ. ಮಗೂಗೆ ಏನಾದ್ರೂ ಊನ ಇದ್ರೆ?" ಅಂದ ತಪ್ಪಣ್ಣ.

ಅವನ ಮಾತು, ಹೆಂಡತಿಯ ಅಳು ಎರಡೂ ಗೋಡೆಯಾಚೆ ನನಗೆ ಕೇಳಿಸಿದವು. ರೇಗಿಹೋಯಿತು. ನನ್ನ ಓರಗಿತ್ತಿ ಅಂಥದೇ ಆಸ್ಪತ್ರೆಯಲ್ಲಿ ನರ್ಸ್. ಅವಳನ್ನು ಎಳೆದುಕೊಂಡೇ ಅವರ ಮನೆಗೆ ಹೋದೆ.

"ಊನ ಅಂತ ಯಾರ್ ಹೇಳಿದ್ರು?" ಅಂದಳು ನರ್ಸ್.

"ನಮ್ಮ ಕಾರ್ಖಾನೇಲಿ ಎ ಅಲ್ಲದ್ದೆಲ್ಲ ಚಿಂದಿ ಬುಟ್ಟಿಗೆ," ಅಂದ ತಪ್ಪಣ್ಣ.

"ಅಯ್ಯೋ ಮಾರಾಯ! ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋರನ್ನ ಕಂಡಿದ್ದೆ, ತಪ್ಪು ಹುಡುಕೋನನ್ನ ಈಗ್ಲೇ ಕಂಡಿದ್ದು!" ಅಂದೆ ನಾನು.

ನರ್ಸ್ ನಕ್ಕಳು. "ಭ್ರೂಣ ಎಷ್ಟು ಬೆಳೆದಿದೆ, ಜೀವಕೋಶಗಳು ಹೇಗೆ ಕೂಡ್ಕೊಂಡಿವೆ ಅಂತ ಸೂಕ್ಷ್ಮದರ್ಶಕದಲ್ಲಿ ನೋಡಿ ಗ್ರೇಡ್ ಕೊಡ್ತಾರಣ್ಣ. ಗರ್ಭ ನಿಲ್ಲೋ ಸಾಧ್ಯತೆಯ ಅಂದಾಜು ಅಷ್ಟೇ. ಎ ಗ್ರೇಡ್‌ಗೆ ಸಾಧ್ಯತೆ ಸ್ವಲ್ಪ ಜಾಸ್ತಿ, ಆದ್ರೂ ಖಾತ್ರಿ ಇಲ್ಲ. ಬಿ, ಸಿ ಗ್ರೇಡಿನವೂ ಆರೋಗ್ಯವಾದ ಮಕ್ಕಳಾಗಿವೆ. ಹುಟ್ಟೋ ಮಗು ಹೇಗಿರುತ್ತೆ ಅಂತ ಗ್ರೇಡ್ ಹೇಳಲ್ಲ."

"ಹಾಗಂದ್ರೆ..."

"ನೀವು ಅಂಗಿ ಹೊಲಿದು ಮುಗಿದ ಮೇಲೆ ನೋಡ್ತೀರಿ. ಇದು ಈಗಿನ್ನೂ ಹೊಲಿಗೆಗೆ ಕೂತಿದೆ."

ತಪ್ಪಣ್ಣ ಡಾಕ್ಟರಿಗೆ ಫೋನ್ ಮಾಡಿದ. ಅವರೂ ಅದನ್ನೇ ಹೇಳಿದರು. ಹೆಂಡತಿ ಕಣ್ಣೊರೆಸಿಕೊಂಡಳು. "ನಿಮ್ಮ ಮೈಮೇಲಿರೋ ಅಂಗೀನೂ ಆ ಚಿಂದಿ ಬುಟ್ಟೀಲಿ ಬಿದ್ದಿದ್ದನ್ನ ತಂದಿದ್ದೇ. ಹಾಕೋಕೆ ಶುರು ಮಾಡಿ ಎಷ್ಟು ವರ್ಷ ಆಯ್ತು?"

"ನಾಳೆ ಇದನ್ನೇ ಹಾಕ್ಕೊಂಡು ಬರ್ತೀನಿ," ಅಂದ. ಎಲ್ಲರೂ ನಕ್ಕುಬಿಟ್ಟೆವು. ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು.

ಅವರಿಗೆ ಗರ್ಭ ನಿಂತಿತು. ಎಲ್ಲರಿಗೂ ಮೊದಲ ಸಲವೇ ನಿಲ್ಲುತ್ತದೆಂದು ನಾನು ಹೇಳುವುದಿಲ್ಲ, ಸುಳ್ಳು ಭರವಸೆ ಕೊಡಬಾರದು. ಆದರೆ ಅಕ್ಕಂದಿರೇ, ಅಣ್ಣಂದಿರೇ, ಒಂದು ಅಕ್ಷರ ಕೇಳಿ ಎದೆ ಒಡೆದುಕೊಳ್ಳಬೇಡಿ. ಈ ಗ್ರೇಡ್ ಅಂದರೇನು, ನಮಗೆಷ್ಟು ಅವಕಾಶವಿದೆ ಎಂದು ನಿಮ್ಮ ವೈದ್ಯರನ್ನೇ ಬಾಯಿಬಿಟ್ಟು ಕೇಳಿ. ಬೇಡ ಅನ್ನುವುದಾದರೂ ಕೇಳಿ ತಿಳಿದ ಮೇಲೆ ಅನ್ನಿ.

ಆ ಬಿ ಗ್ರೇಡ್ ಈಗ ಅಪ್ಪನ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಕಿತ್ತುಹಾಕುತ್ತಿದ್ದಾಳೆ. ತಪ್ಪಣ್ಣನಿಗೆ ಅವಳ ಒಂದು ತಪ್ಪೂ ಕಾಣುವುದಿಲ್ಲ.