ಬಣ್ಣ ಹಿಡಿಯದ ಮುಖ

ಎದುರಿಗಿದ್ದವರೊಡನೆ ಮಾತನಾಡುವಾಗ ಕಣ್ಣನ್ನು ನೋಡದೆ, ಕಿವಿಯ ಕೆಳಗೆ ಕೆನ್ನೆಯು ಕೊರಳಿಗಿಳಿಯುವ ಎಡೆಯನ್ನೇ ದಿಟ್ಟಿಸುವುದು ನಮ್ಮ ಸ್ಟುಡಿಯೋ ಯಜಮಾನರ ರೂಢಿ. ಹೊಸಬರು ಮುಜುಗರಪಟ್ಟು, ಅಲ್ಲೇನು ಅಂಟಿದೆಯೋ ಎಂದು ಒರೆಸಿಕೊಳ್ಳುವರು; ಮೊದಮೊದಲು ನಾನೂ ಒರೆಸಿಕೊಂಡವನೇ. ಬಿಸಿಲೂ ಪೌಡರೂ ತಾಕದ ಆ ಅಂಗುಲದಲ್ಲಿ ಮಾತ್ರ ಮನುಷ್ಯನ ನಿಜವರ್ಣ ಉಳಿದಿರುತ್ತದೆಂಬುದು ಅವರ ಸಿದ್ಧಾಂತ. ತುಸು ಬಾಗಿದ ಬೆನ್ನು, ರಾಸಾಯನಿಕದಿಂದ ಕಂದಿದ ಉಗುರು, ಮೊಣಕೈ ಸವೆದರೂ ಬಿಡದ ಬೂದುಬಣ್ಣದ ಕೋಟು. ಬೇರೆ ಬಣ್ಣ ತೊಟ್ಟರೆ ಅದರ ಛಾಯೆ ಗಿರಾಕಿಯ ಮುಖಕ್ಕೆ ಬಡಿಯುತ್ತದೆಯಂತೆ.

ಕತ್ತಲೆಕೋಣೆಯ ಕಾಲದಲ್ಲಿ ಕೊನೆಯ ತೀರ್ಪು ಅವರ ಹೆಂಡತಿಯದು. ಒದ್ದೆ ಪ್ರಿಂಟನ್ನು ಆಕೆ ಬೆಳಕಿಗೊಡ್ಡಿ, "ರೀ, ಇನ್ನೊಂಚೂರು ಕೆಂಪು ತೆಗೀರಿ, ಪಾಪ, ಕುಡಿದು ಬಂದ ಮದುವೆಗಂಡಿನ ಹಾಗಿದಾನೆ" ಎನ್ನುವರು. ಇಲ್ಲವೆ "ಸಾಕು" ಎನ್ನುವರು. ಆ ಮಾತು ಬಿದ್ದ ಮೇಲೆ ಬ್ರಹ್ಮನೂ ಅದನ್ನು ತಿದ್ದುವಂತಿರಲಿಲ್ಲ.

ಹೊಸ ಡಿಜಿಟಲ್ ಕ್ಯಾಮೆರಾ ಬಂದಾಗ ಅವರು ತೆಗೆದ ಮೊದಲ ಚಿತ್ರ ಆಕೆಯದೇ: ಅರ್ಧ ತಿರುಗಿ ನಗುತ್ತಿದ್ದುದು. ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯಲ್ಲಿ ಆ ಮುಖ ಬೆಳಗಿತ್ತು. ಆಕೆಯ ಕೊನೆಯ ಚಿತ್ರವೂ ಅದೇ ಆಯಿತು. ಆಕೆ ತೀರಿಕೊಂಡ ಮೇಲೆ ಮಗಳು ಗೋಡೆಗೆಂದು ಅದನ್ನು ಕೇಳಿದಳು. ಕ್ಯಾಮೆರಾ ಕಚ್ಚಾ ರೂಪದಲ್ಲೇ ಉಳಿಸಿಟ್ಟ ಆ ರಾ ಫೈಲನ್ನು ಅವರ ಹಳೆಯ ಕಂಪ್ಯೂಟರು ಗುರುತಿಸಲೇ ಇಲ್ಲ. ಹೊಸದನ್ನು ತಂದು ತೆರೆದರೆ ಬೂದಿ ಬಳಿದಂಥ ಮಂಕುಮುಖ.

"ಅದು ಹಸಿ ಸರಕು, ಮಾವ," ಎಂದರು ಅಳಿಯ. "ಕ್ಯಾಮೆರಾ ತನ್ನ ಅಂದಾಜಿನಲ್ಲಿ ಬಣ್ಣ ಹಾಕಿ ತೋರಿಸಿತ್ತು. ಇಲ್ಲಿ ನೀವೇ ಹಾಕ್ಬೇಕು."

ಎಲ್ಲವನ್ನೂ ಒಳಗೊಂಡು ಏನನ್ನೂ ತೋರದ ಆ ನಿರ್ಗುಣದೆದುರು ಸಗುಣೋಪಾಸಕನಂತೆ ಅವರು ತಿಂಗಳುಗಟ್ಟಲೆ ಕುಳಿತರು. ಪರದೆಯ ಮೇಲಿನ ಬಣ್ಣದ ಗುಂಡಿಯನ್ನು ಒಂದೆಡೆಗೆ ಎಳೆದರೆ ಹಳದಿ, ಇನ್ನೊಂದೆಡೆಗೆ ಸರಿಸಿದರೆ ನೀಲಿ.

"ಅಪ್ಪಾ, ಮೊನ್ನೆ ಅಮ್ಮಂಗೆ ಕಾಮಾಲೆ ಆಗಿತ್ತು, ಇವತ್ತು ಚಳಿಗೆ ನಡುಗ್ತಿದಾಳೆ. ಯಾವುದಾದ್ರೂ ಒಂದು ಕೊಡಿ, ಮೊಳೆ ಹೊಡೆದು ಕಾಯ್ತಿದೀನಿ."

"ತಾಳಮ್ಮ. ಎಷ್ಟು ಕೆಡಿಸಿದ್ರೂ ಇದು ಮತ್ತೆ ಮೊದಲಿನ ಹಾಗೇ ಬಂದು ಕೂತ್ಕೊಳ್ಳುತ್ತೆ. ಹೂಂ ಅನ್ನಲ್ಲ, ಉಹೂಂ ಅನ್ನಲ್ಲ."

ಒಂದು ಮಧ್ಯಾಹ್ನ ನಾನಲ್ಲಿದ್ದಾಗ, ಕ್ಯಾಮೆರಾ ಅಂದು ತೋರಿಸಿದ ಚಿತ್ರವು ಆ ಫೈಲಿನೊಳಗೇ ಅಡಗಿದೆಯೆಂದು ಅಳಿಯ ಕಂಡುಕೊಂಡು ಅದನ್ನು ಹೊರತೆಗೆದರು. "ತಗೊಳ್ಳಿ ಮಾವ, ನೀವು ಅವತ್ತು ನೋಡಿದ್ದು ಇದೇ."

ಯಜಮಾನರು ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು. "ಚೆನ್ನಾಗಿದೆ," ಎಂದರು. ಆಮೇಲೆ, ತಪ್ಪು ಮಾಡಿದವರಂತೆ ಮೆಲ್ಲಗೆ, "ಆದ್ರೆ ಅವಳು ಹೀಗಿರ್ಲಿಲ್ಲ."

ಮಗಳು ಆ ಚಿತ್ರವನ್ನೇ ಒಯ್ದು ಗೋಡೆಗೆ ಹಾಕಿದಳು. ಅವರು ಮತ್ತೆ ರಾ ಫೈಲನ್ನು ತೆರೆದರು.

ಚಿತ್ರ ತೆಗೆಯುವವರಲ್ಲಿ ಇಂಥವರದೊಂದು ಪಂಗಡವೇ ಉಂಟು. ಪರರ ಮುಖಗಳನ್ನೆಲ್ಲ ಹೇಳಿದ ದಿನಕ್ಕೆ ತಪ್ಪದೆ ಒಪ್ಪಿಸಿದವರು, ತಮ್ಮದೆನ್ನುವ ಒಂದು ಮುಖ ಎದುರಾದಾಗ ಯಂತ್ರ ಕಂಡದ್ದನ್ನು ಒಲ್ಲರು. ಒಟ್ಟಿಗೆ ಬಾಳಿ ಕಂಡದ್ದನ್ನೇ ಬೇಡುವರು. ಅದು ಯಾವ ಪರದೆಯ ಮೇಲೂ ಮೂಡದೆಂದು ಅವರಿಗೂ ಗೊತ್ತು. ಆದರೂ ಬಣ್ಣವನ್ನು ಕೂದಲೆಳೆಯಷ್ಟು ಆಚೆಗೆ, ಕೂದಲೆಳೆಯಷ್ಟು ಈಚೆಗೆ ಸರಿಸುತ್ತಲೇ ಇರುವರು. ಅಷ್ಟು ಹೊತ್ತಾದರೂ ಆ ಮುಖ ಅವರೆದುರು ಕುಳಿತಿರುತ್ತದೆ.