ಓರಗಿತ್ತಿಯ ಕೊಳದ ಅಳತೆ

ಕಿಚ್ಚಿಗೆ ನೀರು ಹೊಯ್ದರೆ ಆರುತ್ತದೆ ಎನ್ನುವವರು ಈ ದರ್ಜಿ ಹೆಂಗಸನ್ನು ನೋಡಿಲ್ಲ. ದಿನವೂ ಬೆಳಿಗ್ಗೆ ಒಂದು ಗಂಟೆ ನೀರಲ್ಲೇ ಬಿದ್ದಿದ್ದು ಬಂದರೂ ಅವಳ ಹೊಟ್ಟೆಕಿಚ್ಚು ಆರುತ್ತಿರಲಿಲ್ಲ. ಅದಕ್ಕೆ ಕಾರಣ ಅವಳ ಓರಗಿತ್ತಿ, ಮೈದುನನ ಹೆಂಡತಿ. ಹಲ್ಲಿನ ಡಾಕ್ಟರ ಬಳಿ ಸಹಾಯಕಿಯಾಗಿದ್ದವಳು. ನಕ್ಕರೆ ಎಲ್ಲ ಹಲ್ಲೂ ಕಾಣುವಂತೆ ನಗುವವಳು.

ಇಬ್ಬರೂ ಈಜುತ್ತಿದ್ದರು. ದರ್ಜಿ ಊರಿನ ದೊಡ್ಡ ಸಾರ್ವಜನಿಕ ಕೊಳದಲ್ಲಿ, ಓರಗಿತ್ತಿ ತಾನಿದ್ದ ಫ್ಲಾಟುಗಳ ಕಟ್ಟಡದ ಕೆಳಗಿನ ಕೊಳದಲ್ಲಿ. ಭಾನುವಾರ ಎಲ್ಲರೂ ದರ್ಜಿಯ ಮನೆಯಲ್ಲಿ ಊಟಕ್ಕೆ ಸೇರಿದಾಗ ಅತ್ತೆ ಕೇಳುತ್ತಿದ್ದರು, "ಏನ್ರೇ ಮೀನುಗಳಾ, ಇವತ್ತು ಎಷ್ಟಾಯ್ತು?"

ಒಂದು ಗೋಡೆ ಬಿಟ್ಟು ಎದುರಿನ ಗೋಡೆ ಮುಟ್ಟಿದರೆ ಒಂದು ಲೆಂತ್. ದರ್ಜಿ ಉಸಿರು ಕಟ್ಟಿ ಈಜಿದರೂ ಹದಿನೆಂಟು ದಾಟುತ್ತಿರಲಿಲ್ಲ. ಓರಗಿತ್ತಿ ಮಾತ್ರ ಬಟ್ಟಲು ಜೋಡಿಸುತ್ತಲೇ "ನಲವತ್ತು" ಅನ್ನುತ್ತಿದ್ದಳು, ಅದೇನು ದೊಡ್ಡ ವಿಷಯವೇ ಎಂಬಂತೆ.

"ನಲವತ್ತಾ!" ಎಂದು ಅತ್ತೆ ಕಣ್ಣರಳಿಸುತ್ತಿದ್ದರು. ಹದಿನೆಂಟಕ್ಕೆ ಯಾರು ಕಣ್ಣರಳಿಸುತ್ತಾರೆ ಹೇಳಿ.

ದರ್ಜಿಗೆ ಮೈಯೆಲ್ಲ ಉರಿಯುತ್ತಿತ್ತು. ಅತ್ತೆ ಇದ್ದದ್ದು ಅವಳ ಮನೆಯಲ್ಲಿ. ಮಂಡಿ ಆಪರೇಷನ್ ಆದಾಗ ಎತ್ತಿ ಕೂರಿಸಿದವಳು, ಮೈ ತೊಳೆದವಳು, ಹೊಲಿಗೆ ಯಂತ್ರ ಬಿಟ್ಟು ಎದ್ದೆದ್ದು ಬಂದವಳು ಅವಳು. ಇಷ್ಟಾದರೂ ಅತ್ತೆಯ ಬಾಯಿಂದ ಒಂದು ಒಳ್ಳೆಯ ಮಾತು ಉದುರಿರಲಿಲ್ಲ. ವಾರಕ್ಕೊಮ್ಮೆ ಬಂದು ಹಲ್ಲು ಕಿಸಿದು ಹೋಗುವವಳಿಗೆ ಮಾತ್ರ ಕಣ್ಣು ಅರಳುತ್ತಿತ್ತು.

ಈಗ ಇನ್ನೊಂದು ಬಂದಿತ್ತು. ಮಂಡಿ ಮರಗಟ್ಟಬಾರದು ಎಂದರೆ ದಿನಾ ನೀರಿನಲ್ಲಿ ನಡೆಯಬೇಕು ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

"ನೀರು ಕಂಡ್ರೆ ನಂಗೆ ಜೀವ ಹೋಗುತ್ತೆ," ಎಂದರು ಅತ್ತೆ. "ಯಾರ ಜೊತೆ ಹೋಗ್ಲಿ ಅಂತ ಯೋಚನೆ ಮಾಡಿ ಮುಂದಿನ ಭಾನುವಾರ ಹೇಳ್ತೀನಿ."

ಯೋಚನೆ ಮಾಡುವುದಕ್ಕೆ ಏನಿದೆ? ಎತ್ತಿ ಕೂರಿಸಿದವಳು ಯಾರು ಎಂದು ಗೊತ್ತಿಲ್ಲವೇ? ಹದಿನೆಂಟರವಳನ್ನು ಬಿಟ್ಟು ನಲವತ್ತರವಳ ಜೊತೆಗೇ ಹೋಗುತ್ತಾರೆ ಎಂದು ದರ್ಜಿಗೆ ಖಾತ್ರಿಯಾಯಿತು. ಆ ವಾರವೆಲ್ಲ ಅವಳ ಹೊಲಿಗೆ ಸೊಟ್ಟ ಬಿತ್ತು. ಕಡ್ಡಿಯಂಥ ತೋಳಿನವಳು ನಲವತ್ತು ಲೆಂತ್ ಹೇಗೆ ಈಜಿಯಾಳು? ಒಂದೋ ಸುಳ್ಳು, ಇಲ್ಲವೇ ಆ ಕೊಳದಲ್ಲೇ ಏನೋ ಇದೆ ಎಂದುಕೊಂಡಳು.

ಶುಕ್ರವಾರ, ರಿಪೇರಿಗೆ ಕೊಟ್ಟಿದ್ದ ಕೋಟನ್ನು ತಲುಪಿಸುವ ನೆಪದಲ್ಲಿ ಓರಗಿತ್ತಿಯ ಕಟ್ಟಡಕ್ಕೆ ಹೋದಳು. ಚೀಲದಲ್ಲಿ ಅಂಚಿಗೆ ಹೊಲಿಯುವ ಹತ್ತಿಪಟ್ಟಿಯ ಸುರುಳಿ ಇತ್ತು. ಮೊದಲು ಕೈಗೆ ಸಿಕ್ಕಿದ್ದು ಎಲಾಸ್ಟಿಕ್. ಅದು ಎಳೆದವರ ಕಡೆಗೆ ಸಾಕ್ಷಿ ಹೇಳುತ್ತದೆ ಎಂದು ವಾಪಸು ಇಟ್ಟಿದ್ದಳು. ಹೊಟ್ಟೆಕಿಚ್ಚಿನಲ್ಲೂ ಅವಳು ಅಳತೆಗೆ ಮೋಸ ಮಾಡುವವಳಲ್ಲ.

"ನಿಮ್ಮ ಕೊಳ ಎಷ್ಟುದ್ದ ಇದೆ?" ಎಂದು ಕೇಳಿದಳು.

"ಯಾರಿಗೆ ಗೊತ್ತು ಅಕ್ಕಾ, ನಾನು ಯಾವತ್ತೂ ಅಳೆದಿಲ್ಲ. ತನ್ನಿ ಇಲ್ಲಿ, ನೋಡೇ ಬಿಡೋಣ," ಎಂದು ಓರಗಿತ್ತಿಯೇ ಪಟ್ಟಿಯ ತುದಿ ಹಿಡಿದು ಆಚೆ ಗೋಡೆಗೆ ಓಡಿದಳು. ಹಿಡಿದುಕೊಂಡು ನಗುತ್ತ ನಿಂತಳು. ಅವಳ ಈ ಸಂತೋಷ ನೋಡಿ ದರ್ಜಿಗೆ ಇನ್ನಷ್ಟು ಸಿಟ್ಟು ಬಂತು.

ಮನೆಗೆ ಬಂದು ಪಟ್ಟಿಯನ್ನು ಟೇಪಿನ ಪಕ್ಕಕ್ಕೆ ಹಾಸಿ ಅಳೆದರೆ ಹದಿನಾರು ಮೀಟರ್! ತನ್ನ ಕೊಳ ಐವತ್ತು. ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು. ಆ ರಾತ್ರಿ ಎಷ್ಟೋ ದಿನದ ಮೇಲೆ ಚೆನ್ನಾಗಿ ನಿದ್ದೆ ಮಾಡಿದಳು.

ಭಾನುವಾರ ಅತ್ತೆ ಕೇಳುವವರೆಗೂ ಕಾಯಲಿಲ್ಲ. ಎಲ್ಲರ ತಟ್ಟೆಗೂ ಬಡಿಸಿ ಮುಗಿಸಿದವಳೇ ಶುರು ಮಾಡಿದಳು.

"ಅತ್ತೆ, ಒಂದು ಲೆಕ್ಕ ಹೇಳ್ತೀನಿ ಕೇಳಿ. ನನ್ನ ಹದಿನೆಂಟು ಅಂದ್ರೆ ಒಂಬೈನೂರು ಮೀಟರ್. ಇವಳ ನಲವತ್ತು ಅಂದ್ರೆ ಬರೀ ಆರುನೂರ ನಲವತ್ತು. ಇವಳ ಕೊಳ ಇರೋದೇ ಹದಿನಾರು ಮೀಟರ್. ಬೇಕಾದ್ರೆ ಇವಳನ್ನೇ ಕೇಳಿ, ತುದಿ ಹಿಡಿದದ್ದು ಇವಳೇ."

"ಹೌದು ಅತ್ತೆ," ಎಂದು ಓರಗಿತ್ತಿ ನಕ್ಕಳು. "ಅಕ್ಕನಷ್ಟು ಈಜೋಕೆ ನನ್ನಿಂದ ಎಲ್ಲಾಗುತ್ತೆ?"

ಅತ್ತೆ ಚಮಚ ಕೆಳಗಿಟ್ಟರು. "ಹದಿನಾರು ಅಂದ್ರೆ ಎಷ್ಟಾಗುತ್ತೆ?"

"ನಮ್ಮ ಬಾಗಿಲಿಂದ ಎದುರು ಮನೆ ಬಾಗಿಲು, ಅಷ್ಟೇ!" ಎಂದಳು ದರ್ಜಿ.

"ಆಳ?"

"ಆಳ ಎಲ್ಲಿಂದ ಬರ್ಬೇಕು? ಎದೆಮಟ್ಟ ಕೂಡ ಇಲ್ಲ. ಎಲ್ಲಿ ನಿಂತ್ರೂ ಕೈಚಾಚಿದ್ರೆ ಗೋಡೆ. ಮಕ್ಕಳು ಕಪ್ಪೆ ಥರ ಆಡೋ ಜಾಗ, ಅದೂ ಒಂದು ಕೊಳ!"

ಅತ್ತೆಯ ಕಣ್ಣು ಅರಳಿತು. ಈ ಸಲ ಅರಳಿದ್ದು ದರ್ಜಿಯನ್ನು ನೋಡಿ.

"ಎಂಥಾ ಒಳ್ಳೆ ಕೆಲಸ ಮಾಡ್ದೆ ತಾಯಿ! ಇವಳು ನಲವತ್ತು ನಲವತ್ತು ಅನ್ನೋದು ಕೇಳಿ, ಇವಳದ್ದು ನಿಂದಕ್ಕಿಂತ ದೊಡ್ಡ ಸಮುದ್ರ ಅಂದ್ಕೊಂಡಿದ್ದೆ. ನಿಜ ಹೇಳ್ತೀನಿ, ಇವತ್ತು ನಿನ್ನ ಜೊತೆನೇ ಬರ್ತೀನಿ ಅನ್ನೋಣ ಅಂತಿದ್ದೆ. ಎಷ್ಟಾದ್ರೂ ನನ್ನ ಭಾರ ಗೊತ್ತಿರೋ ಕೈ ನಿಂದು. ಭಯ ಆದ್ರೂ ಕಣ್ಣು ಮುಚ್ಕೊಂಡು ಇಳಿಯೋಣ ಅಂತ. ಇನ್ನು ಆ ಕಷ್ಟ ಇಲ್ಲ ಬಿಡು. ಇವಳ ಹತ್ರಾನೇ ಹೋಗ್ತೀನಿ."

ದರ್ಜಿ ಅವಸರವಾಗಿ ಅಡ್ಡ ಬಾಯಿ ಹಾಕಿದಳು. "ಅಲ್ಲಿ ನೀರು ತುಂಬಾ ತಣ್ಣಗಿರುತ್ತೆ ಅತ್ತೆ," ಎಂದಳು.

"ಇಲ್ಲ ಅಕ್ಕಾ, ಬೆಚ್ಚಗಿರುತ್ತೆ," ಎಂದಳು ಓರಗಿತ್ತಿ. "ಅತ್ತೆ, ಮಂಡಿ ವಾಸಿಯಾಗೋವರೆಗೂ ನಮ್ಮನೇಲೇ ಇದ್ದುಬಿಡಿ. ದಿನಾ ಓಡಾಡೋದು ಯಾಕೆ?"

"ಅದೂ ಸರಿನೇ," ಎಂದ ಅತ್ತೆ ದರ್ಜಿಯ ಕಡೆ ತಿರುಗಿದರು. "ಊಟ ಆದ್ಮೇಲೆ ನನ್ನ ಬಟ್ಟೆ ನಾಲ್ಕು ಚೀಲಕ್ಕೆ ಹಾಕ್ಕೊಡಮ್ಮ. ನನಗೇನು ಬೇಕು ಅನ್ನೋದು ನಿಂಗೆ ತಾನೇ ಗೊತ್ತಿರೋದು."

ದರ್ಜಿ ಊಟ ಮುಗಿಯುವವರೆಗೂ ಕಾಯಲಿಲ್ಲ. ಕಣ್ಣು ತುಂಬಿದ್ದು ಯಾರಿಗೂ ಕಾಣಬಾರದೆಂದು ಆಗಲೇ ಎದ್ದು, ಅತ್ತೆಯ ಕೋಣೆಗೆ ಹೋಗಿ ಬಟ್ಟೆ ಮಡಿಸತೊಡಗಿದಳು.