ಅಪ್ಪಣೆ ಕೊಡುವವರಿಲ್ಲ

ಬಾಗಿಲು ಕಾಯುವ ಬ್ರದರ್ ಕಿಂಡಿಯ ಮುಚ್ಚಳ ಸರಿಸಿದಾಗ ಆಚೆ ನಿಂತಿದ್ದದ್ದು ಸತ್ತವರ ಅಕ್ಕ. ಮುಖ ಕಂಡಿದ್ದೇ ತಡ, ಬ್ರದರ್ ಗುರುತು ಹಿಡಿದರು. ಒಳಗೆ, ಬೆನೆಡಿಕ್ಟಿನ್ ಎಂಬ ಕ್ರೈಸ್ತ ಸನ್ಯಾಸಿಗಳ ಮಠದಲ್ಲಿ, ಆಕೆಯ ತಮ್ಮನಾದ ಅಧ್ಯಕ್ಷಗುರುಗಳ ಶವಪೆಟ್ಟಿಗೆಯನ್ನು ಆಗಲೇ ಹೆಗಲಿಗೇರಿಸಿ ಸಮಾಧಿಯಂಗಳದತ್ತ ನಡೆದಿದ್ದರು.

"ನನ್ನ ತಮ್ಮನ್ನ ಮಣ್ಣಿಗಿಡೋದು ನೋಡ್ಬೇಕು. ಬಾಗ್ಲು ತೆಗೀರಿ," ಎಂದರು ಮುದುಕಿ.

ತೆಗೆಯುವಂತಿರಲಿಲ್ಲ. ಆ ಬಾಗಿಲು ದಾಟಿ ಹೆಂಗಸರು ಕಾಲಿಡಬೇಕಾದರೆ ಅಧ್ಯಕ್ಷರ ಅಪ್ಪಣೆ ಬೇಕು. ಬ್ರದರ್ ಎದ್ದೆನೋ ಬಿದ್ದೆನೋ ಎಂದು ಓಡಿ, ಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ ಉಪಾಧ್ಯಕ್ಷರನ್ನು ಕೇಳಿದರು. ಅಪ್ಪಣೆ ಕೊಡುವವರು ಈ ಪೆಟ್ಟಿಗೆಯೊಳಗಿದ್ದಾರೆ, ಹೊಸಬರನ್ನು ಆರಿಸುವ ತನಕ ನನಗೆ ಆ ಅಧಿಕಾರವಿಲ್ಲ ಎಂದುಬಿಟ್ಟರು ಅವರು.

ಇನ್ನೊಂದು ಬದಿಗೆ ಹೆಗಲು ಕೊಟ್ಟಿದ್ದವರು ರೊಟ್ಟಿ ಸುಡುವ ಬ್ರದರ್. "ಬದುಕಿದ್ದಾಗ್ಲೂ ಕಲ್ಲು, ಸತ್ಮೇಲೂ ಕಲ್ಲು," ಎಂದು ಗೊಣಗಿದರು. ಹೊಟ್ಟೆಗಿಲ್ಲದ ವರ್ಷಗಳಲ್ಲಿ ಆ ಕಲ್ಲಿಗೆ ಒರಗಿಕೊಂಡೇ ಮಠ ನಿಂತದ್ದು ಎಂದು ಉಪಾಧ್ಯಕ್ಷರು ಸಿಡುಕಿದರು. ಹೆಣ ಹೊತ್ತುಕೊಂಡೇ ಇಬ್ಬರೂ ಜಗಳಕ್ಕೆ ನಿಂತರು.

*

ಆಕೆ ಹಿಂದೊಮ್ಮೆ ಇದೇ ಕಿಂಡಿಗೆ ಬಂದಿದ್ದರು. ಅಮ್ಮನಿಗೆ ಕೊನೆಗಾಲ, ತಮ್ಮನನ್ನು ಕಳಿಸಿಕೊಡಿ ಎಂದು. ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ಅಧ್ಯಕ್ಷರು ರೊಟ್ಟಿಯ ಬ್ರದರನ್ನು ಅವರ ಹೆತ್ತ ತಂದೆಯ ಮಣ್ಣಿಗೆ ಹೋಗಲು ಬಿಟ್ಟಿರಲಿಲ್ಲ.

"ಅವರಿಗಿಲ್ಲದ್ದು ನನಗ್ಯಾಕೆ? ಬರಲ್ಲ ಅನ್ನಿ," ಎಂದಿದ್ದರು ಅಧ್ಯಕ್ಷರು.

ಅಂದು ಅವರು ತಟ್ಟೆ ಮುಂದಿಟ್ಟುಕೊಂಡು ತುತ್ತೆತ್ತದೆ ಕೂತದ್ದನ್ನು ಕಂಡವರು ಬಾಗಿಲಿನ ಬ್ರದರ್ ಒಬ್ಬರೇ. ಆದರೆ ಹೇಳಿದಷ್ಟನ್ನೇ ಹೇಳುವುದು ಅವರ ಕೆಲಸ. "ಬರಲ್ವಂತೆ," ಎಂದಷ್ಟೇ ಹೇಳಿ ಕಿಂಡಿ ಮುಚ್ಚಿದ್ದರು.

*

ಈ ಸಲವೂ ಇಲ್ಲವೆಂದೇ ಹೇಳಬೇಕಾಯಿತು. ಮುದುಕಿ ಕೂಗಾಡಲಿಲ್ಲ. ಬಗ್ಗಿ, ರಸ್ತೆಯಂಚಿನಿಂದ ಒಂದು ಹಿಡಿ ಮಣ್ಣು ಬಾಚಿ ಕಿಂಡಿಯೊಳಗೆ ಕೈ ಚಾಚಿದರು.

"ಇದನ್ನಾದ್ರೂ ಅವನ ಮೇಲೆ ಹಾಕಿ."

ಬ್ರದರ್ ಮಣ್ಣನ್ನು ಬಲಗೈ ಮುಷ್ಟಿಯಲ್ಲಿ ಹಿಡಿದು, ಮಾತು ಕೊಟ್ಟು ದಾಪುಗಾಲು ಹಾಕಿದರು. ಅರ್ಧ ದಾರಿಯಲ್ಲಿ ಪ್ರಾರ್ಥನೆಯ ಗಂಟೆ ಮೊಳಗಿತು. ಗಂಟೆ ಕೇಳಿದರೆ ಕೈಲಿದ್ದ ಕೆಲಸ ಅಲ್ಲಿಗೇ ಬಿಡಬೇಕು, ಬರೆಯುತ್ತಿದ್ದ ಅಕ್ಷರವನ್ನೂ ಪೂರ್ತಿ ಮಾಡಬಾರದು. ಹಾಗೆಂದು ತಿದ್ದಿ ತೀಡಿದ ಅಧ್ಯಕ್ಷರೇ ಈಗ ಗುಂಡಿಯಲ್ಲಿದ್ದರು. ಬ್ರದರ್ ಅವರ ಕಾಲುಗಳು ತಾವಾಗಿಯೇ ಪ್ರಾರ್ಥನಾಲಯದ ಕಡೆ ತಿರುಗಿದವು.

ಪ್ರಾರ್ಥನೆ ಮುಗಿಸಿಕೊಂಡು ಓಡುವಷ್ಟರಲ್ಲಿ ಕೂಲಿಯವರು ಗುಂಡಿ ಮುಚ್ಚಿ, ಚಪ್ಪಡಿ ಕೂರಿಸಿ, ಸಂದಿಗೆ ಗಾರೆ ಮೆತ್ತುತ್ತಿದ್ದರು. ಬ್ರದರಿಗೆ ತಮ್ಮ ಕಾಲುಗಳ ಮೇಲೇ ಹೇಸಿಗೆಯಾಯಿತು. ಇಷ್ಟು ವರ್ಷ ಕಲಿತದ್ದು ಇದನ್ನೇನಾ ಅನಿಸಿತು.

ಮುದುಕಿ ಅಲ್ಲೇ ಕಾಯುತ್ತಿದ್ದರು.

"ಹಾಕಿದ್ರಾ?"

"ಹಾಕ್ದೆ."

"ಯಾವ ಕಡೆ?"

"ತಲೆ ಕಡೆ."

"ಕಾಲ್ ಕಡೆ ಹಾಕ್ಬಾರ್ದಿತ್ತಾ? ಚಿಕ್ಕವನಿದ್ದಾಗ ಕಣ್ಣಿಗೆ ಮಣ್ಣು ಬಿದ್ರೆ ರಂಪ ಮಾಡ್ತಿದ್ದ." ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡರು. "ಅವನಿಗೆ ಮಣ್ಣು ಹಾಕಿದ ಕೈನ ಒಂದ್ಸಲ ಮುಟ್ತೀನಿ, ಕೊಡಿ."

ಬ್ರದರ್ ಕಿಂಡಿಯಿಂದ ಎಡಗೈ ಚಾಚಿದರು. ಮುದುಕಿ ಅದನ್ನು ಎರಡೂ ಕೈಗಳಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡರು. ಬಾಗಿಲ ಈಚೆ ಬಲಗೈ ಮುಷ್ಟಿ ಬಿಗಿದುಕೊಂಡೇ ಇತ್ತು.